ಸಂಗೀತ ಕಚೇರಿ ರೆಕಾರ್ಡಿಂಗ್: ಫೋನ್ ಒಂದೇ ಸಾಕೇ, ರೆಕಾರ್ಡರ್ ಬೇರೆ ಬೇಕೇ?

ಮೈಸೂರಿನ ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣಪತಿ ಕಚೇರಿಯಂಥ ಪೆಂಡಾಲ್ ಕಾರ್ಯಕ್ರಮಗಳಿಗೆ ನಾನು ಇಡುವುದು ಎರಡು ಕ್ಯಾಮೆರಾ, ಒಂದು ಆಡಿಯೋ ರೆಕಾರ್ಡರ್. ಸ್ವಾಗತ ಭಾಷಣಕ್ಕೆ, ಸನ್ಮಾನಕ್ಕೆ ಇಷ್ಟೆಲ್ಲ ಬೇಡ. ಫೋನು, ಅದಕ್ಕೊಂದು ಕಾಲರ್ ಮೈಕು ಸಾಕು. ಎರಡೂವರೆ ಗಂಟೆಯ ಕಚೇರಿಗೆ ಮಾತ್ರ ಫೋನನ್ನು ನಂಬಬೇಡಿ. ಬಿಸಿಯಾಗಿ ನಿಂತುಬಿಡಬಹುದು. ತನಿ (ಮೃದಂಗ ಮೊದಲಾದ ತಾಳವಾದ್ಯಗಳ ಸರದಿ) ಜೋರಾದಾಗ ಅದರ ಆಟೋ ಲೆವೆಲ್ ಧ್ವನಿಯನ್ನು ಅದುಮಿ, ನಿಂತ ಕೂಡಲೇ ತಂಬೂರಿಯನ್ನೂ ಫ್ಯಾನಿನ ಸದ್ದನ್ನೂ ಮೇಲೆತ್ತುತ್ತದೆ.

ಕ್ಯಾಮೆರಾಗಳೆರಡೂ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಅದಕ್ಕೆ ಹೊಂದದ ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿನುಗಬಹುದು. ರೆಕಾರ್ಡರ್ 48 ಕಿಲೋಹರ್ಟ್ಸ್, 24 ಬಿಟ್. ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ ಬರುವ ವೈರನ್ನು ಲೈನ್ ಇನ್‌ಪುಟ್‌ಗೇ ಹಾಕಿ; ಮೈಕ್ ಇನ್‌ಪುಟ್‌ಗೆ ಹಾಕಿದರೆ ಲೆವೆಲ್ ಇಳಿಸಿದರೂ ಒಡೆದ ಧ್ವನಿಯೇ ಬರಬಹುದು. ಅತಿ ಜೋರಿನ ಜಾಗ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಕ್ಯಾಮೆರಾದ ಸ್ವಂತ ಮೈಕ್ ಆಫ್ ಮಾಡಬೇಡಿ, ಆಮೇಲೆ ರೆಕಾರ್ಡರಿನ ಧ್ವನಿಯನ್ನು ಚಿತ್ರಕ್ಕೆ ಹೊಂದಿಸಲು ಅದೇ ಗುರುತು.

ಎಲ್ಲವೂ ಓಡತೊಡಗಿದ ಮೇಲೆ, ಎರಡೂ ಕ್ಯಾಮೆರಾಕ್ಕೆ ಕಾಣುವಂತೆ ವೇದಿಕೆಯ ಮೈಕಿನ ಮುಂದೆ ಒಂದೇ ಒಂದು ಚಪ್ಪಾಳೆ. ಕೊನೆಯಲ್ಲಿ, ಯಾವುದನ್ನೂ ನಿಲ್ಲಿಸುವ ಮೊದಲು, ಇನ್ನೊಂದು. ಈ ಎರಡನೆಯದನ್ನೇ ಹೆಚ್ಚಿನವರು ಬಿಡುವುದು. ಪ್ರತಿ ಯಂತ್ರದ ಗಡಿಯಾರವೂ ತುಸು ಬೇರೆ ವೇಗದಲ್ಲಿ ಓಡುತ್ತದೆ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡು, ಎರಡೂವರೆ ಗಂಟೆಗೆ 180, ಅಂದರೆ ನಾಲ್ಕೂವರೆ ಫ್ರೇಮು. ಪಿಟೀಲಿನ ಕಮಾನು ಒಂದು ಕಡೆ, ನಾದ ಇನ್ನೊಂದು ಕಡೆ! ಎರಡು ಚಪ್ಪಾಳೆಗಳ ನಡುವಿನ ಅವಧಿಯನ್ನು ಕ್ಯಾಮೆರಾದಲ್ಲೂ ರೆಕಾರ್ಡರಿನಲ್ಲೂ ಅಳೆದು, ಆಡಿಯೋವನ್ನು ಅಷ್ಟೇ ಹಿಗ್ಗಿಸಿ ಅಥವಾ ಕುಗ್ಗಿಸಿ. ಶ್ರುತಿ ಬದಲಾಗಿದ್ದು ಯಾರ ಕಿವಿಗೂ ತಿಳಿಯದು. ಅಷ್ಟು ಲೆಕ್ಕ ಬೇಡವೆಂದರೆ ಪ್ರತಿ ಕೃತಿಯ ನಂತರದ ಕರತಾಡನದಲ್ಲಿ ಕತ್ತರಿಸಿ ಮತ್ತೆ ಹೊಂದಿಸಿ.

ಹಿಂದಿನ ಕ್ಯಾಮೆರಾ 20 ಮೀಟರ್ ದೂರದಲ್ಲಿದ್ದರೆ ಧ್ವನಿ ಅಲ್ಲಿಗೆ ತಲುಪಲು ಸುಮಾರು 58 ಮಿಲಿಸೆಕೆಂಡು ಬೇಕು. ಅದರ ಧ್ವನಿಗೆ ರೆಕಾರ್ಡರನ್ನು ಹೊಂದಿಸಿದರೆ ಹಾಡು ತುಟಿಗಿಂತ ಒಂದೂವರೆ ಫ್ರೇಮು ಹಿಂದೆ ಬೀಳುತ್ತದೆ (ಪಕ್ಕದಲ್ಲೇ ಸ್ಪೀಕರ್ ಇದ್ದರೆ ಬೇರೆ ಮಾತು). ಅಲ್ಲಿ ಧ್ವನಿಗೆ ಧ್ವನಿಯನ್ನು ತಾನೇ ಹೊಂದಿಸುವ ಸಾಫ್ಟ್‌ವೇರಿನ ಆಟೋ ಸಿಂಕ್ ಬಿಟ್ಟು, ಕೈಗಳು ಕೂಡುವ ಫ್ರೇಮನ್ನೇ ಹಿಡಿಯಿರಿ.

ರೆಕಾರ್ಡರಿಗೆ ಬ್ಯಾಟರಿಯೇ ಇರಲಿ. ಅಡಾಪ್ಟರಿನಲ್ಲಿ ಓಡುವಾಗ ಕರೆಂಟ್ ಹೋದರೆ ಫೈಲು ಸರಿಯಾಗಿ ಮುಚ್ಚದೆ ತೆರೆಯಲಾಗದಂತೆ ಉಳಿಯಬಹುದು. ಮಂಗಳ ಮುಗಿಯುತ್ತಲೇ ಮೈಕ್‌ಸೆಟ್‌ನವರು ವೈರು ಸುತ್ತತೊಡಗುತ್ತಾರೆ. ಕೊನೆಯ ಚಪ್ಪಾಳೆಯವರೆಗೆ ಮಿಕ್ಸರ್ ಆರಿಸಬೇಡಿ ಎಂದು ಅವರಿಗೆ ಮೊದಲೇ ಹೇಳಿಡಿ.