ಗಣಿ ನೀರಿನಿಂದ ತಾಮ್ರ ಹಿಡಿಯುವ ರೆಸಿನ್ ಕಾಲಂ

ಚಿತ್ರದುರ್ಗದ ಇಂಗಳದಾಳಿನಂಥ ತಾಮ್ರ ಗಣಿಯ ನೀರಿಗೆ ಸಾಫ್ಟನರ್ ರೆಸಿನ್ (ನೀರಿನ ಗಡಸುತನ ತೆಗೆಯುವ, ಅಯಾನು ಹಿಡಿಯುವ ಸಣ್ಣ ಪ್ಲಾಸ್ಟಿಕ್ ಮಣಿಗಳು) ಹಾಕಿದರೆ ಅದು ಕ್ಯಾಲ್ಸಿಯಂನಿಂದಲೇ ತುಂಬಿಹೋಗುತ್ತದೆ. ಇಮಿನೋಡೈಅಸಿಟೇಟ್ ಎಂಬ ರಾಸಾಯನಿಕ ಗುಂಪಿರುವ ಕೀಲೇಟಿಂಗ್ (ಲೋಹವನ್ನು ಇಕ್ಕಳದಂತೆ ಹಿಡಿಯುವ) ರೆಸಿನ್ ಬೇಕು. ಗಡಸು ನೀರಲ್ಲೂ ಅದು ತಾಮ್ರವನ್ನೇ ಆರಿಸಿಕೊಳ್ಳುತ್ತದೆ.

100 ಮಿಲೀ ರೆಸಿನ್ ರಾತ್ರಿಯಿಡೀ ನೆನೆಸಿ, ನೀರಿನ ಸಮೇತ ಕಾಲಂಗೆ (ನೆಟ್ಟಗೆ ನಿಲ್ಲಿಸಿದ ಗಾಜಿನ ಕೊಳವೆಗೆ) ಸುರಿಯಿರಿ. ಒಣದನ್ನೇ ತುಂಬಿದರೆ ಉಬ್ಬಿ ಗಾಜು ಬಿರಿಯಬಹುದು. ಗಣಿ ನೀರನ್ನು ಸೋಸಿ, ಪಿಎಚ್ (ಆಮ್ಲೀಯತೆಯ ಅಳತೆ) 4ರಿಂದ 5ಕ್ಕೆ ತನ್ನಿ. 2ಕ್ಕಿಂತ ಇಳಿದರೆ ಹೈಡ್ರೋಜನ್ ಅಯಾನು ತಾಮ್ರದ ಜಾಗ ಕಸಿಯುತ್ತದೆ; 6 ದಾಟಿದರೆ ತಾಮ್ರ ಹೈಡ್ರಾಕ್ಸೈಡ್ ಆಗಿ ಗಸಿಗಟ್ಟುತ್ತದೆ. ಕಬ್ಬಿಣವೇ ದೊಡ್ಡ ಕಾಟ, ಮೊದಲೇ ತೆಗೆಯಿರಿ.

ಈ ನೀರನ್ನು ಕಾಲಂನಲ್ಲಿ ಗಂಟೆಗೆ 1 ಲೀಟರ್‌ನಂತೆ ಹರಿಸಿದರೆ ಸಾಕು. ನೀಲಿ ಪಟ್ಟೆ ಮೇಲಿನಿಂದ ಇಳಿಯುತ್ತಾ ಬರುತ್ತದೆ. ತಳ ಮುಟ್ಟುವ ಮುನ್ನ ನಿಲ್ಲಿಸಿ. ಬಳಿಕ ತಾಮ್ರ ಬಿಡಿಸಲು ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲ 300 ಮಿಲೀ ನಿಧಾನ ಹರಿಸಿ. ಹಸಿರು-ನೀಲಿ ದ್ರಾವಣವನ್ನು ಚರಂಡಿಗೆ ಚೆಲ್ಲಬೇಡಿ, ತಾಮ್ರವೆಲ್ಲ ಅದರಲ್ಲೇ ಇದೆ. ರೆಸಿನ್ ಚೆನ್ನಾಗಿ ತೊಳೆದು, ಮತ್ತೆ ಬಳಸಲು ಸಿದ್ಧವಾಗಲೆಂದು ಶೇ. 4ರ ಕಾಸ್ಟಿಕ್ ಸೋಡಾ ಹಾಯಿಸಿ ಮತ್ತೆ ತೊಳೆಯಿರಿ.