ಸೈಡ್ ಗಾಲಿ ಸ್ಕೂಟರ್‌ಗೆ ಕಾಗದಪತ್ರ ಮಾಡಿಸಿದ್ದು ಹೀಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ಸೈಡ್ ಗಾಲಿ ಹಾಕಿದ ಸ್ಕೂಟರ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಆ ಗಾಲಿ ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ದಾಖಲಾಗಿದೆಯಾ ಅಂತ ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ. ಪೋಲಿಯೋದಿಂದ ನನ್ನ ಬಲಗಾಲಿಗೆ ಬಲವಿಲ್ಲ. ಗಾಡಿ ತಗೊಂಡಾಗಲೇ ಕಾಗದದ ಕೆಲಸ ಪೂರ್ತಿ ಮುಗಿಸಬೇಕು ಅಂತ ನಿರ್ಧರಿಸಿದ್ದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿ ನಮಗೊಂದು ದಾರಿ ಮಾಡಿಕೊಟ್ಟಿದೆ. ವಿಕಲಚೇತನರ ಬಳಕೆಗೆ ಗಾಡಿ ಮಾರ್ಪಡಿಸಿದರೆ, ಕೆಲಸ ಆದ ಮೇಲೆ ಆರ್‌ಟಿಒ ಒಪ್ಪಿಗೆ ಪಡೆಯಬಹುದು. ಇದು ನಿಜಕ್ಕೂ ದೊಡ್ಡ ಅನುಕೂಲ.

ಗ್ಯಾರೇಜ್ ಬಿಲ್, ಆರ್‌ಸಿ, ಇನ್ಶೂರೆನ್ಸ್, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಹಿಡಿದುಕೊಂಡು ಆರ್‌ಟಿಒ ಕಚೇರಿಗೆ ಹೋದೆ. ಇನ್‌ಸ್ಪೆಕ್ಟರ್ ಕೆಳಗೆ ಬಗ್ಗಿ, ಗಾಲಿ ಹಿಡಿದಿದ್ದ ಕಬ್ಬಿಣದ ಫ್ರೇಮನ್ನು ಎರಡೂ ಕೈಯಿಂದ ಜಗ್ಗಿ ನೋಡಿದರು. "ಇದು ಅಲುಗಾಡಬಾರದು ನೋಡ್ರಿ, ತಿರುವಿನಲ್ಲಿ ಭಾರವೆಲ್ಲ ಇದರ ಮೇಲೇ ಬರ್ತದ" ಅಂದರು. ಹಿಂದಿನ ಇಂಡಿಕೇಟರ್ ಮಡ್‌ಗಾರ್ಡ್‌ಗೆ ಮರೆಯಾಗುತ್ತದಾ, ನಂಬರ್ ಪ್ಲೇಟ್ ಚೆನ್ನಾಗಿ ಕಾಣುತ್ತದಾ ಅಂತಲೂ ನೋಡಿದರು. ಅವರ ಮಾತು ಸರಿ. ಈ ಗಾಡಿ ತಿರುವಿನಲ್ಲಿ ಬೈಕಿನಂತೆ ವಾಲುವುದಿಲ್ಲ. ವೇಗ ಇಳಿಸದೆ ತಿರುಗಿಸಿದರೆ ಒಳಬದಿಯ ಗಾಲಿ ಮೇಲೇಳುತ್ತದೆ. ರಿಂಗ್ ರೋಡಿನಲ್ಲಿ ಇದನ್ನು ಮರೆಯಲೇಬೇಡಿ.

ಲೈಸನ್ಸ್ ವಿಷಯದಲ್ಲಿ ಒಬ್ಬ ಏಜೆಂಟ್, "ಸಾದಾ ಗೇರ್‌ಲೆಸ್ ತೆಗೆಸ್ರಿ ಅಣ್ಣಾ, ಸುಮ್ನೆ ಯಾಕ್ ತ್ರಾಸ್?" ಅಂದ. ನಾನು ಒಪ್ಪಲಿಲ್ಲ. ಮಾರ್ಪಡಿಸಿದ ವಾಹನಕ್ಕೆ ಲೈಸನ್ಸಿನಲ್ಲಿ ಬೇರೆಯೇ ವರ್ಗ ಇದೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಲೈಸನ್ಸು, ಆರ್‌ಸಿ ಎರಡೂ ಹೊಂದುತ್ತವಾ ಅಂತ, ಅಲ್ವಾ? ವೈದ್ಯರ ಸರ್ಟಿಫಿಕೇಟ್ ಕೊಟ್ಟು ಎಲ್‌ಎಲ್ (ಕಲಿಕಾ ಲೈಸನ್ಸ್) ತೆಗೆಸಿದೆ. 30 ದಿನ ಕಳೆದ ಮೇಲೆ ನನ್ನ ಗಾಡಿಯಲ್ಲೇ ಟೆಸ್ಟ್ ಕೊಟ್ಟೆ. ಸೈಡ್ ಗಾಲಿ ಇದೆಯೆಂದು ಹೆಲ್ಮೆಟ್‌ಗೆ ವಿನಾಯಿತಿ ಇಲ್ಲ.

ಅವ್ವನ ಬ್ಯಾಟರಿ ವ್ಹೀಲ್‌ಚೇರ್‌ನ ಕಥೆ ಬೇರೆ. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆಜಿಯೊಳಗೆ ಇದ್ದು, ಅಧಿಕೃತ ಪರೀಕ್ಷಾ ಸಂಸ್ಥೆ ಒಪ್ಪಿದ್ದರೆ ನಿಯಮ ಅದನ್ನು ಮೋಟಾರು ವಾಹನ ಅಂತ ಎಣಿಸುವುದಿಲ್ಲ. ನಂಬರ್, ಲೈಸನ್ಸ್ ಬೇಡ. ಅಂಗಡಿಯವರ ಬಾಯಿಮಾತು ನಂಬದೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆಯ ಕಾಗದ ಕೇಳಿ ತಗೊಳ್ಳಿ. ಶರಣಬಸವೇಶ್ವರ ಗುಡಿಗೆ ಹೋಗುವಾಗ ಕುರ್ಚಿಯ ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ ಕಳಿಸುತ್ತೇನೆ. ಕುರ್ಚಿ ತಗ್ಗಾಗಿರುವುದರಿಂದ ಸಂಜೆ ಹೊತ್ತು ಆಟೋದವರ ಕಣ್ಣಿಗೆ ಬೀಳುವುದೇ ಇಲ್ಲ.

ಆರ್‌ಸಿಯಲ್ಲಿ ಬದಲಾವಣೆ ಬಂದ ಕೂಡಲೇ ಅದರ ನಕಲನ್ನು ಇನ್ಶೂರೆನ್ಸ್ ಕಂಪನಿಗೆ ಕೊಟ್ಟು, ಪಾಲಿಸಿಯಲ್ಲೂ ಸೈಡ್ ಗಾಲಿಯ ವಿಷಯ ಬರೆಸಿಕೊಂಡೆ.