ಈಪ್ರಾಮ್ ಇಲ್ಲದ ಕಾಸ್ಮ್ಯಾಕ್ ಎಲ್ಫ್: ಕಾಯಿನ್ ಸೆಲ್ ಮೇಲೆ ಪ್ರೋಗ್ರಾಮ್ ಉಳಿಸಿದ ನನ್ನ ಅನುಭವ

1976ರ ಆಗಸ್ಟಿನ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಜೋಸೆಫ್ ವೈಸ್‌ಬೆಕರ್ ಕೊಟ್ಟ, ಮನೆಯಲ್ಲೇ ಕಟ್ಟಬಹುದಾದ 1802 ಪ್ರೊಸೆಸರಿನ ಪುಟ್ಟ ಕಂಪ್ಯೂಟರ್ ಎಲ್ಫ್‌ನಲ್ಲಿ ಇದ್ದದ್ದು 256 ಬೈಟ್ ರ್‍ಯಾಮ್. ಪವರ್ ತೆಗೆದರೆ ಎಲ್ಲ ಮಾಯ. ಈಗ ಕಟ್ಟುವವರಲ್ಲಿ ಹಲವರು ಪವರ್ ಹೋದರೂ ಮರೆಯದ ಈಪ್ರಾಮ್ ಚಿಪ್ ಹಾಕಿಬಿಡುತ್ತಾರೆ. ಅದು ಬೇಡ, ಒಂದು ಸಿಆರ್2032 ಕಾಯಿನ್ ಸೆಲ್ ಸಾಕು ಅಂದಾಗ, ಪವರ್ ಇಳಿಯುವಾಗ ಪ್ರೊಸೆಸರ್ ಏನೇನೋ ಬರೆದು ಮೆಮೊರಿ ಕೆಡಿಸುತ್ತದೆ ಅಂತ ಬಲ್ಲವರೇ ತಳ್ಳಿಹಾಕಿದ್ದರು. ನನ್ನ ಬೋರ್ಡಿನಲ್ಲಿ ಹೋದ ಮಳೆಗಾಲದಲ್ಲಿ ತುಂಬಿದ ಪ್ರೋಗ್ರಾಮ್ ಇಂದಿಗೂ ಒಂದು ಬೈಟ್ ಕೆಡದೆ ಇದೆ.

ಹಳೆಯ ಎರಡು 2101 ರ್‍ಯಾಮ್ ಚಿಪ್ಪುಗಳ ಬದಲು ಕಡಿಮೆ ವಿದ್ಯುತ್ತಿನ ಒಂದು 62256. ಬಳಸದ ವಿಳಾಸ ಪಿನ್ನುಗಳು ಎ8ರಿಂದ ಎ14 ನೆಲಕ್ಕೆ (ಗ್ರೌಂಡಿಗೆ). 1802ರ ಓದುವ ಸಂಕೇತ ಎಂಆರ್‌ಡಿ ರ್‍ಯಾಮಿನ ಓಇಗೆ, ಬರೆಯುವ ಸಂಕೇತ ಎಂಡಬ್ಲ್ಯುಆರ್ ಮೆಮೊರಿ ಪ್ರೊಟೆಕ್ಟ್ ಸ್ವಿಚ್ ದಾಟಿ ಡಬ್ಲ್ಯುಇಗೆ. 256 ಬೈಟಿಗೆ, ಟಿಪಿಎ ಸಂಕೇತದಲ್ಲಿ ವಿಳಾಸದ ಮೇಲರ್ಧ ಹಿಡಿದಿಡುವ ಲ್ಯಾಚ್ ಬೇಕಿಲ್ಲ. ರ್‍ಯಾಮ್ ಒಂದೇ ಇರುವುದರಿಂದ ಚಿಪ್ಪನ್ನು ಎಬ್ಬಿಸುವ ಸಿಇ ಪಿನ್ (ಕೆಳಗಿದ್ದರೆ ಎಚ್ಚರ, ಮೇಲಿದ್ದರೆ ನಿದ್ದೆ) ಪೂರ್ತಿ ಬಿಡುವಾಗಿ ಸಿಗುತ್ತದೆ. ಇಡೀ ಉಪಾಯ ನಿಂತಿರುವುದು ಅದರ ಮೇಲೆ.

ಸಿಇಗೆ 47ಕೆ ಪುಲ್-ಅಪ್ (ಮೇಲಕ್ಕೆ ಎಳೆದಿಡುವ ರೆಸಿಸ್ಟರ್) ಹಾಕಿ, ಅದನ್ನು ಸೆಲ್ ಬೆಂಬಲವಿರುವ ರ್‍ಯಾಮ್ ವಿಸಿಸಿಗೇ (ಪವರ್ ಪಿನ್ನಿಗೇ) ಕಟ್ಟಬೇಕು. ಕೆಳಗೆ ಎಳೆಯಲು 74ಎಚ್‌ಸಿ00 ಗೇಟ್ ಹಾಕಿದರೆ ಕೆಲಸ ಕೆಟ್ಟಿತು. ಪವರ್ ಇಲ್ಲದಾಗ ಗೇಟಿನ ಔಟ್‌ಪುಟ್ಟಿನೊಳಗಿನ ರಕ್ಷಣಾ ಡಯೋಡ್ ಪುಲ್-ಅಪ್ಪಿನ ಕರೆಂಟನ್ನು ಸತ್ತ 5 ವೋಲ್ಟ್ ಲೈನಿಗೆ ಎಳೆಯುತ್ತದೆ. ಸಿಇ 0.6 ವೋಲ್ಟಿನ ಹತ್ತಿರ ಕೂರುತ್ತದೆ, ರ್‍ಯಾಮ್ ಎಚ್ಚರವಾಗೇ ಇರುತ್ತದೆ, ಬರೆದದ್ದೂ ಹೋಗುತ್ತದೆ, ಸೆಲ್ಲೂ ಹೋಗುತ್ತದೆ. 'ಬ್ಯಾಟರಿ ಬ್ಯಾಕಪ್ ನಂಬಬೇಡಿ' ಅನ್ನುವವರ ಬೋರ್ಡುಗಳಲ್ಲಿ ನಾನು ಕಂಡ ಕಾಯಿಲೆ ಇದೇ. ಗೇಟಿನ ಜಾಗದಲ್ಲಿ ಬಿಸಿ547 ಟ್ರಾನ್ಸಿಸ್ಟರಿನ ಕಲೆಕ್ಟರ್ ಇಟ್ಟು, ಬೇಸನ್ನು 5 ವೋಲ್ಟಿನಿಂದ, ಗೊತ್ತಾದ ವೋಲ್ಟೇಜ್ ದಾಟಿದರಷ್ಟೇ ಕರೆಂಟ್ ಬಿಡುವ ಜೀನರ್ ಡಯೋಡ್ ಮೂಲಕ ಓಡಿಸಿದೆ. ವೋಲ್ಟೇಜ್ ಇಳಿಯುತ್ತಲೇ ಟ್ರಾನ್ಸಿಸ್ಟರ್ ಆಫ್, ಸಿಇ ಮೇಲೆ. ಆಮೇಲೆ 1802 ಏನು ಬರೆಯಲು ಹೋದರೂ ರ್‍ಯಾಮ್‌ಗೆ ತಾಗುವುದಿಲ್ಲ. 3.9 ವೋಲ್ಟ್ ಜೀನರ್ ಅನ್ನುವುದು 5 ಮಿಲಿಆಂಪಿಯರ್‌ನಲ್ಲಿ ಮಾತ್ರ. ನೂರು ಮೈಕ್ರೊಆಂಪಿಯರ್‌ನಲ್ಲಿ 3ರ ಆಸುಪಾಸಿಗೆ ಇಳಿದುಬಿಡುತ್ತದೆ. ಬೇಸಿನ ಎರಡು ರೆಸಿಸ್ಟರುಗಳ ಬೆಲೆ ನಾನು ಬರೆಯುವುದಿಲ್ಲ, ಅದು ಕೂತು ಹೊಂದಿಸಿ ಪಡೆದದ್ದು. ಹೊಂದಿಸುವ ತಾಳ್ಮೆ ಇಲ್ಲದವರಿಗೆ ಇದೇ ಕೆಲಸ ಮಾಡುವ ಡಿಎಸ್1210 ಚಿಪ್ ಇದೆ.

ರ್‍ಯಾಮ್‌ಗೆ 5 ವೋಲ್ಟೂ ಸೆಲ್ಲೂ ಒಂದೊಂದು ಡಯೋಡ್ ದಾಟಿ ಬರುತ್ತವೆ. 5 ವೋಲ್ಟ್ ಕಡೆಯ ಡಯೋಡ್ 1ಎನ್5819 ಆದರೆ ಅದರ ಹಿಮ್ಮುಖ ಸೋರಿಕೆಯೇ ರ್‍ಯಾಮ್ ಕುಡಿಯುವುದಕ್ಕಿಂತ ಹೆಚ್ಚು. ಬಿಎಟಿ85 ಹಾಕಿ. ಸೆಲ್ ಕಡೆ 1ಎನ್4148, ಸರಣಿಯಲ್ಲಿ 1ಕೆ. 3 ವೋಲ್ಟಿನಿಂದ ಡಯೋಡ್ ತಿಂದರೂ 2.5ಕ್ಕೆ ಮೇಲೆ ಉಳಿಯುತ್ತದೆ. 62256ಗೆ 2 ಸಾಕು.

ಪವರ್ ಹಾಕುವಾಗಲೂ ಮೆಮೊರಿ ಕೆಡುತ್ತದೆ. ರನ್ ಸ್ವಿಚ್ ಮೇಲಿದ್ದು ಪವರ್ ಬಂದರೆ 1802 ರಿಸೆಟ್ ಇಲ್ಲದೆ ಎಲ್ಲಿಂದಲೋ ಓಡುತ್ತದೆ. ಲೋಡ್, ರನ್ ಎರಡೂ ಕೆಳಗಿರಲಿ, ಪ್ರೊಟೆಕ್ಟ್ ಆನ್ ಇರಲಿ. ಡಿಎಂಎ-ಇನ್, ಡಿಎಂಎ-ಔಟ್, ಇಂಟರಪ್ಟ್, ಇಎಫ್1ರಿಂದ ಇಎಫ್4, 1802ರ ಈ ಇನ್‌ಪುಟ್ ಪಿನ್ನುಗಳಿಗೆಲ್ಲ ಪುಲ್-ಅಪ್ ಕಡ್ಡಾಯ; ಯಾವುದಕ್ಕೂ ಕಟ್ಟದೆ ತೇಲಲು ಬಿಟ್ಟರೆ ಕೈ ಹತ್ತಿರ ತಂದರೂ ಬೈಟ್ ಜಾರುತ್ತದೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: 1802ಕ್ಕೆ ಅಂಚೆ ಸೇರಿ ಸಾವಿರದ ಹತ್ತಿರ, ಬೆಂಗಳೂರಿನ ಎಸ್ಪಿ ರೋಡಿನಲ್ಲಿ ಟಾಗಲ್ ಸ್ವಿಚ್, 74ಎಚ್‌ಸಿ ಐಸಿಗಳಿಗೆ ಆರೇಳು ನೂರು. ಅಂಕಿ ತೋರಿಸುವ ಟಿಐಎಲ್311 ಡಿಸ್‌ಪ್ಲೇ ಜೋಡಿ ಪ್ರೊಸೆಸರಿಗಿಂತ ದುಬಾರಿ, ಮೇಲಾಗಿ ಹೆಚ್ಚು ಕರೆಂಟ್ ಕೇಳುವ ಅದರ ಟಿಟಿಎಲ್ ಹೊರೆಯನ್ನು 1802 ನೇರ ಎಳೆಯಲಾರದು, ಬಫರ್ ಬೇಕು. ಎಂಟು ಎಲ್‌ಇಡಿಗಳೇ ಸಾಕು. ಆನ್‌ಲೈನಿನಲ್ಲಿ ಹೆಸರು ಅಳಿಸಿ ಮರುಮುದ್ರಿಸಿದ 1802 ಕೂಡ ಬರುತ್ತದೆ. ಪತ್ತೆಗೆ, ಗಡಿಯಾರ (ಕ್ಲಾಕ್) ಕೊಟ್ಟು 34ನೇ ಪಿನ್ನಿನಲ್ಲಿ ಟಿಪಿಎ ನೋಡಿ, ಗಡಿಯಾರದ ವೇಗದ ಎಂಟನೇ ಒಂದು ಪಾಲು ಕಾಣಬೇಕು.

ಪರೀಕ್ಷೆಗೆ ಈ ಹದಿಮೂರು ಬೈಟ್ (ಹೆಕ್ಸ್‌ನಲ್ಲಿ): 7ಎ ಎಫ್8 10 ಬಿ1 21 91 3ಎ 04 31 00 7ಬಿ 30 01. 1802ರ ಕ್ಯೂ ಔಟ್‌ಪುಟ್ಟಿನ ಎಲ್‌ಇಡಿ ಮಿನುಗುತ್ತದೆ. ಟಿವಿ ಕ್ರಿಸ್ಟಲ್ 3.58ನ್ನು ಎರಡರಿಂದ ಭಾಗಿಸಿದ 1.79 ಮೆಗಾಹರ್ಟ್ಸ್‌ನಲ್ಲಿ ಆನ್, ಆಫ್ ಪ್ರತಿ ಸ್ಥಿತಿಯೂ 0.11 ಸೆಕೆಂಡ್, 10ರ ಜಾಗದಲ್ಲಿ 40 ಹಾಕಿದರೆ 0.44. ಇದರ ನಡುವೆ ಕ್ರಿಸ್ಟಲ್ ಕಿತ್ತು 555 ಟೈಮರ್ ಚಿಪ್ಪಿನಿಂದ 16 ಹರ್ಟ್ಸ್ ಕೊಟ್ಟು ನೋಡಿದೆ. 1802 ಪೂರ್ತಿ ಸ್ಟಾಟಿಕ್ (ಎಷ್ಟು ನಿಧಾನ ಓಡಿಸಿದರೂ ಮರೆಯದು), ಸೆಕೆಂಡಿಗೆ ಒಂದು ಆದೇಶದಂತೆ ನಡೆಯಿತು. ಎಸ್‌ಸಿ0 ಪಿನ್ನಿಗೆ ಎಲ್‌ಇಡಿ ಇಟ್ಟರೆ ಫೆಚ್ (ಆದೇಶ ತರುವುದು), ಎಕ್ಸಿಕ್ಯೂಟ್ (ನಡೆಸುವುದು) ಕಣ್ಣಾರೆ ಕಾಣುತ್ತದೆ. ಪಾಠ ಮಾಡುವವರು ಇದನ್ನು ಖಂಡಿತ ಮಾಡಬೇಕು.

ಪವರ್ ತೆಗೆದ ಮೇಲೆ ಸೆಲ್ ಸರಣಿಯ ಆ 1ಕೆ ರೆಸಿಸ್ಟರಿಗೆ ಅಡ್ಡಲಾಗಿ ಮೀಟರ್ ಹಿಡಿಯಿರಿ: ಒಂದು ಮಿಲಿವೋಲ್ಟ್ ಅಂದರೆ ಒಂದು ಮೈಕ್ರೊಆಂಪಿಯರ್. ನನ್ನದರಲ್ಲಿ ಎರಡು ದಾಟುವುದಿಲ್ಲ. ನೂರಾರು ಬಂದರೆ ಮೊದಲು ಸಿಇ ವೋಲ್ಟೇಜ್ ನೋಡಿ. ಸೆಲ್ ಬದಲಿಸುವಾಗ ಪವರ್ ಆನ್ ಇರಲಿ.